ಅಂತರಿಕ್ಷದಲ್ಲಿ ಮಾನವರ ದುಡಿಮೆ



ಗಗನಯಾತ್ರಿಗಳೆಂದೊಡನೆಯೇ ಜನರ ಮನಸ್ಸಿಗೆ ಬರುವುದು, ಹತ್ತಿಯ ಅರಳೆಯಂತೆ ಹಗುರವಾಗಿ ತೇಲಾಡುತ್ತ ನಗುಮೊಗದಿಂದ ಕೈಬೀಸುವವರ ಚಿತ್ರವು. ಭೂಭಾರದಿಂದ ಬಿಡುಗಡೆ ಹೊಂದಿದವರಿಗೆ ದುಡಿಮೆಯ ಭಾರವೂ ಇರಲಾರದೆಂದು ಹಲವರು ಭಾವಿಸಿರುವರು. ವಾಸ್ತವವು ಇದಕ್ಕೆ ತೀರ ವಿರುದ್ಧವಾದುದು. ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದಲ್ಲಿರುವವರ ದಿನಚರಿಯು ಐದೈದು ನಿಮಿಷಗಳ ತುಂಡುಗಳಾಗಿ ವಿಭಾಗಿಸಲ್ಪಟ್ಟಿರುತ್ತದೆ. ಯಾವ ನಿಮಿಷಕ್ಕೆ ಯಾವ ಕೆಲಸವೆಂಬುದನ್ನು ಭೂಮಿಯ ಮೇಲಿನ ಅಧಿಕಾರಿಗಳು ಮುಂಚಿತವಾಗಿಯೇ ಗೊತ್ತುಮಾಡಿರುವರು. ಅಲ್ಲಿರುವವರು ವಿಜ್ಞಾನಿಯ ಕೈಯಾಳುಗಳೂ ಹೌದು, ಕಮ್ಮಾರರೂ ಹೌದು, ಜಾಡಮಾಲಿಗಳೂ ಹೌದು, ತಮ್ಮ ಶರೀರವನ್ನೇ ಪರೀಕ್ಷೆಗೆ ಒಡ್ಡಿಕೊಂಡ ರೋಗಿಗಳೂ ಹೌದು. ಅವರ ದುಡಿಮೆಯ ಸ್ವರೂಪವನ್ನು ತಿಳಿಯುವುದೇ ಈ ಉಪನ್ಯಾಸದ ವಿಷಯವು.

ಮೊದಲು ಅವರಿರುವ ಸ್ಥಳವನ್ನು ತಿಳಿಯಬೇಕು. ಭೂಮಿಯಿಂದ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ, ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದಿಂದ ಆ ನಿಲ್ದಾಣವು ಭೂಮಿಯನ್ನು ಸುತ್ತುತ್ತಿರುವುದು. ಅದರ ಮೊದಲನೆಯ ಅಂಕಣವು 1998ರಲ್ಲಿ ಮೇಲೇರಿತು. 2000ನೆಯ ಇಸವಿಯ ನವೆಂಬರ್ 2ರಿಂದ ಈಚೆಗೆ ಅದು ಒಂದು ದಿನವಾದರೂ ಜನಶೂನ್ಯವಾಗಿಲ್ಲ. ಅಷ್ಟು ಎತ್ತರದಲ್ಲಿ ಭೂಮಿಯ ಆಕರ್ಷಣವು ಇಲ್ಲವಾದುದರಿಂದ ಜನರು ತೇಲುವರೆಂದು ಶಾಲೆಯ ಉಪಾಧ್ಯಾಯರೂ ಹೇಳುವುದುಂಟು. ಇದು ತಪ್ಪು. ಅಲ್ಲಿ ಆಕರ್ಷಣವು ಇಲ್ಲಿನದರ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಇದ್ದೇ ಇರುವುದು. ಹಾಗಾದರೆ ತೇಲುವುದು ಹೇಗೆ? ಗುಂಡ್ಲುಪೇಟೆಯ ಹಿಮವದ್ಗೋಪಾಲಸ್ವಾಮಿಬೆಟ್ಟದ ಶಿಖರದ ಮೇಲೆ ನಿಂತು ಒಬ್ಬನು ಅಡ್ಡಲಾಗಿ ಒಂದು ಕಲ್ಲನ್ನು ಎಸೆಯುವನೆಂದು ಭಾವಿಸಿರಿ. ಅದು ಬಾಗಿ ಬಂಡೀಪುರದ ಕಾಡಿನಲ್ಲಿ ಬೀಳುವುದು. ಇನ್ನೂ ಬಲವಾಗಿ ಎಸೆದರೆ ನೀಲಗಿರಿಯ ಆಚೆ ಬಿದ್ದೀತು. ಗಾಳಿಯ ತಡೆಯಿಲ್ಲವೆಂದು ಇಟ್ಟುಕೊಂಡು, ಅತಿಮಾನುಷ ವೇಗದಿಂದ ಎಸೆದರೆ, ಕಲ್ಲು ಬೀಳುತ್ತ ಬಾಗುವಷ್ಟೇ ಭೂಗೋಲದ ಮೈಯೂ ಬಾಗಿ ಸರಿಯುವುದರಿಂದ, ಆ ಕಲ್ಲು ಸದಾ ಬೀಳುತ್ತಲೇ ಇದ್ದು ಎಂದಿಗೂ ನೆಲವನ್ನು ಮುಟ್ಟದು. ನಿಲ್ದಾಣವು ಅಂತಹ ಕಲ್ಲು. ಅದರೊಳಗಿನವರು ಅದರೊಡನೆಯೇ ಬೀಳುತ್ತಿರುವವರು. ಜೊತೆಯಾಗಿ ಬೀಳುವವರಿಗೆ ತಮ್ಮ ತೂಕವು ತಿಳಿಯದು.

ಇಲ್ಲೊಂದು ಮಾತನ್ನು ಹೇಳದೆ ಮುಂದೆ ಹೋಗುವುದು ಯುಕ್ತವಲ್ಲ. ಕ್ರಿಸ್ತಶಕ 1150ರಲ್ಲಿ ರಚಿತವಾದ ಸಿದ್ಧಾಂತಶಿರೋಮಣಿಯ ಗೋಲಾಧ್ಯಾಯದಲ್ಲಿ ಭಾಸ್ಕರಾಚಾರ್ಯರು ಭೂಮಿಗೆ ಆಕರ್ಷಣಶಕ್ತಿಯುಂಟೆಂದು ಹೇಳಿರುವರು. ಇದು ನಮಗೆ ಹೆಮ್ಮೆಯ ವಿಷಯವೇ ಸರಿ. ಆದರೆ ಇದನ್ನು ಹಿಡಿದುಕೊಂಡು, ಇಂದಿನವರು ಮಾಡುವುದೆಲ್ಲವೂ ನಮ್ಮ ಪ್ರಾಚೀನರಿಗೆ ತಿಳಿದಿದ್ದಿತು, ಪುಷ್ಪಕವಿಮಾನವಿದ್ದಿತಲ್ಲವೇ ಎಂದು ವಾದಿಸುವವರು ಶಾಸ್ತ್ರಕ್ಕೆ ಗೌರವ ತರುತ್ತಿಲ್ಲ. ಆಕರ್ಷಣವುಂಟೆಂದು ಕಂಡವರು ಬೇರೆ. ಅದನ್ನು ಲೆಕ್ಕಕ್ಕೆ ತಂದು, ಇಷ್ಟು ವೇಗದಿಂದ ಹೋದರೆ ಬೀಳದೆ ಸುತ್ತಬಹುದೆಂದು ಗಣಿಸಿದವರು ಬೇರೆ. ಆ ಗಣಿತವನ್ನು ನಂಬಿ ಪ್ರಾಣವನ್ನು ಪಣವಾಗಿಟ್ಟು ಏರಿದವರು ಬೇರೆ. ಒಬ್ಬರ ದುಡಿಮೆಯನ್ನು ಇನ್ನೊಬ್ಬರ ಲೆಕ್ಕಕ್ಕೆ ಬರೆದುಕೊಳ್ಳುವುದು ನ್ಯಾಯವಲ್ಲ.

ತೊಂಬತ್ತು ನಿಮಿಷಗಳಿಗೊಮ್ಮೆ ಭೂಪ್ರದಕ್ಷಿಣೆಯಾಗುವುದರಿಂದ ಅಲ್ಲಿ ನಮ್ಮ ಒಂದು ದಿನದಲ್ಲಿ ಹದಿನಾರು ಸೂರ್ಯೋದಯಗಳೂ ಹದಿನಾರು ಅಸ್ತಮಯಗಳೂ ಆಗುವುವು. ಮಠದ ವಿದ್ಯಾರ್ಥಿಗಳಿಗೆ ಇದನ್ನು ತಿಳಿಸಿದರೆ ಅವರು ಕೇಳುವ ಮೊದಲನೆಯ ಪ್ರಶ್ನೆಯು, ತ್ರಿಕಾಲ ಲಿಂಗಪೂಜೆಯನ್ನು ಅಲ್ಲಿ ಯಾವಾಗ ಮಾಡಬೇಕೆಂಬುದೇ ಆಗಿರುವುದು. ಪ್ರಶ್ನೆಯು ಹಾಸ್ಯಾಸ್ಪದವಲ್ಲ. 2007ರಲ್ಲಿ ಮಲೇಷಿಯಾ ದೇಶದ ಒಬ್ಬ ವೈದ್ಯರು ಆ ನಿಲ್ದಾಣಕ್ಕೆ ಹೋದಾಗ ಆ ದೇಶದ ಮುಸಲ್ಮಾನ ಪಂಡಿತರು ಇದನ್ನೇ ವಿಚಾರಿಸಿ, ರಾಕೆಟ್ಟು ಹೊರಟ ಸ್ಥಳದ ಕಾಲವನ್ನು ಅನುಸರಿಸಿ ಪ್ರಾರ್ಥನೆ ಮಾಡಬಹುದೆಂದು ನಿರ್ಣಯವಿತ್ತರು. ನಿಲ್ದಾಣದಲ್ಲಿ ವ್ಯವಹಾರಕ್ಕೆ ಗ್ರೀನ್‌ವಿಚ್ ಕಾಲವನ್ನು ಇಟ್ಟುಕೊಂಡಿರುವರು. ಸೂರ್ಯನು ಕಿಟಕಿಯಲ್ಲಿ ಎಷ್ಟು ಸಲ ಇಣುಕಿದರೂ ಗಡಿಯಾರವು ಹೇಳಿದಾಗಲೇ ಮಲಗುವರು, ಏಳುವರು. ನಮ್ಮವರು ಹೋದರೂ ಆ ಗಡಿಯಾರವನ್ನೇ ಹಿಡಿಯಬೇಕಾದೀತು. ಅಭಿಷೇಕದ ಮಾತು ಮಾತ್ರ ಕಠಿನ. ಅಲ್ಲಿ ಎರೆದ ನೀರು ಕೆಳಕ್ಕೆ ಇಳಿಯದು; ಲಿಂಗವನ್ನೇ ಸುತ್ತುಗಟ್ಟಿ ಗಾಜಿನ ಗುಂಡಿನಂತೆ ನಿಂತುಬಿಡುವುದು. ಭಸ್ಮಧಾರಣೆಯಂತೂ ಸಾಧ್ಯವೇ ಇಲ್ಲ. ಪುಡಿಯು ಹಾರಿ ಕಣ್ಣನ್ನೂ ಯಂತ್ರಗಳನ್ನೂ ಸೇರುವುದೆಂಬ ಭಯದಿಂದ ಊಟದ ಉಪ್ಪನ್ನೂ ಮೆಣಸನ್ನೂ ಸಹ ಅಲ್ಲಿ ದ್ರವರೂಪದಲ್ಲಿ ಕೊಡುವರು.

ಇನ್ನು ಪ್ರಯೋಗಶಾಲೆಯ ಕಾರ್ಯ. ನಮ್ಮ ನಾಡಿಗೆ ಅತ್ಯಂತ ಸಮೀಪವಾದ ದೃಷ್ಟಾಂತವು 2025ರದು. ಭಾರತೀಯ ವಾಯುಸೇನೆಯ ಗ್ರೂಪ್ ಕ್ಯಾಪ್ಟನ್ ಶುಭಾಂಶು ಶುಕ್ಲರು ಲಖನೌ ನಗರದವರಾದರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. ಗಗನಯಾನದ ಶಿಕ್ಷಣವನ್ನು ಪಡೆದ ಸ್ಥಳಗಳಲ್ಲಿ ಬೆಂಗಳೂರೂ ಒಂದು. ಅವರು ಆ ವರ್ಷದ ಜೂನ್ 25ರಂದು ಅಮೆರಿಕಾದ ಫ್ಲಾರಿಡಾ ತೀರದಿಂದ ಹೊರಟು, ಮರುದಿನ ನಿಲ್ದಾಣವನ್ನು ಸೇರಿ, ಹದಿನೆಂಟು ದಿನಗಳ ಕಾಲ ಅಲ್ಲಿದ್ದು, ಜುಲೈ 15ರಂದು ಕ್ಯಾಲಿಫೋರ್ನಿಯಾದ ಸಮೀಪ ಸಮುದ್ರದಲ್ಲಿ ಇಳಿದರು. ಅವರೊಡನೆ ಪೋಲೆಂಡಿನವರೊಬ್ಬರೂ ಹಂಗೇರಿಯವರೊಬ್ಬರೂ ಇದ್ದರು. ಅಮೆರಿಕಾದ ಪೆಗ್ಗಿ ವಿಟ್ಸನ್ ಎಂಬ ಹಿರಿಯ ಮಹಿಳೆಯು ತಂಡದ ನಾಯಕಿಯಾಗಿದ್ದರು. ಭಾರತದಿಂದ ಏಳು ಪ್ರಯೋಗಗಳನ್ನು ಅವರ ಕೈಯಲ್ಲಿ ಕಳುಹಿಸಲಾಗಿದ್ದಿತು. ಅವುಗಳಲ್ಲಿ ನಾಲ್ಕು ಕನ್ನಡನಾಡಿನ ಸಂಸ್ಥೆಗಳಿಂದ ಹೋದುವು.

ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವೂ ಅಲ್ಲಿಯ ಐ.ಐ.ಟಿ.ಯೂ ಕೂಡಿ ಕಳುಹಿಸಿದುದು ಏನೆಂದು ಕೇಳಿದರೆ ಈ ಸೀಮೆಯ ರೈತರಿಗೆ ನಗು ಬಂದೀತು: ಹೆಸರುಕಾಳು ಮತ್ತು ಮೆಂತ್ಯ. ಕೋಸಂಬರಿಗೆಂದು ಹೆಣ್ಣುಮಕ್ಕಳು ರಾತ್ರಿ ನೆನೆಹಾಕಿ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುವ ಕಾಳುಗಳೇ ಅವು. ಶುಕ್ಲರು ಅವುಗಳಿಗೆ ನೀರುಣಿಸಿ, ಮೊಳಕೆಯೊಡೆದುದನ್ನು ಚಿತ್ರ ತೆಗೆದು, ಅತಿಶೀತದ ಪೆಟ್ಟಿಗೆಯಲ್ಲಿ ಇಟ್ಟರು. ಇದರಲ್ಲಿ ತಿಳಿಯತಕ್ಕದ್ದೇನು? ನೆಲದಲ್ಲಿ ಕಾಳನ್ನು ಹೇಗೆ ಎಸೆದರೂ, ತಲೆಕೆಳಗಾಗಿ ಬಿದ್ದರೂ, ಬೇರು ಕೆಳಕ್ಕೂ ಚಿಗುರು ಮೇಲಕ್ಕೂ ಹೋಗುವುದನ್ನು ಪ್ರತಿಯೊಬ್ಬ ರೈತನೂ ಬಲ್ಲನು. ಬೇರಿನ ತುದಿಯ ಜೀವಕೋಶಗಳಲ್ಲಿ ಪಿಷ್ಟದ ಕಣಗಳಿದ್ದು, ಅವು ತಮ್ಮ ಭಾರದಿಂದ ಕೆಳಕ್ಕೆ ಜಾರಿ ಕುಳಿತು, ಕೆಳಗೆಂಬುದು ಯಾವ ಕಡೆಯೆಂದು ಬೇರಿಗೆ ತಿಳಿಸುವುವು. ಭಾರವೇ ತೋರದ ಕಡೆ ಈ ಸೂಚನೆಯು ತಪ್ಪಿಹೋಗಿ, ಬೇರು ದಿಕ್ಕುಗೆಟ್ಟು ಬೆಳಕನ್ನೋ ತೇವವನ್ನೋ ಅರಸುವುದು. ನೀರು ಬಸಿದುಹೋಗದೆ ಬೇರನ್ನು ಮುತ್ತಿಕೊಳ್ಳುವುದರಿಂದ ಗಾಳಿಯಾಡದೆ ಗಿಡವು ಕೊಳೆಯಲೂಬಹುದು. ಅಂತಹ ಸ್ಥಿತಿಯಲ್ಲಿ ಮೊಳೆತ ಕಾಳಿನ ಪೋಷಕಗುಣವು ಹೆಚ್ಚುವುದೋ ತಗ್ಗುವುದೋ, ಅದರ ಮೈಮೇಲೆ ಯಾವ ಸೂಕ್ಷ್ಮಜೀವಿಗಳು ಕೂಡುವುವು, ಅದರ ವಂಶಗುಣದಲ್ಲಿ ಏನು ವ್ಯತ್ಯಾಸವಾಗುವುದು ಎಂಬುದೇ ಧಾರವಾಡದವರ ಜಿಜ್ಞಾಸೆ. ದೂರದ ಯಾತ್ರೆಗೆ ಹೋಗುವವರು ಹಸಿಯಾದ ಆಹಾರವನ್ನು ತಾವೇ ಬೆಳೆದುಕೊಳ್ಳಬೇಕಾದರೆ, ಮಣ್ಣೂ ಬಿಸಿಲೂ ಬೇಡದೆ ಎರಡು ಮೂರು ದಿನಗಳಲ್ಲಿ ಬರುವ ಬೆಳೆಯು ಮೊಳಕೆಯೊಂದೇ ಅಲ್ಲವೇ?

ಬೆಂಗಳೂರಿನ ವಿಜ್ಞಾನ ಸಂಸ್ಥೆಯವರು ಕಳುಹಿಸಿದುದು ಒಂದು ಬಗೆಯ ಅತಿಸೂಕ್ಷ್ಮ ಪ್ರಾಣಿಯನ್ನು. ಎಂಟು ಕಾಲುಗಳುಳ್ಳ, ಒಂದು ಮಿಲಿಮೀಟರಿಗಿಂತ ಚಿಕ್ಕದಾದ, ಪಾಚಿಯಲ್ಲಿ ವಾಸಿಸುವ ಈ ಪ್ರಾಣಿಗೆ ಟಾರ್ಡಿಗ್ರೇಡ್ ಎಂದು ಹೆಸರು. ನೀರಿಲ್ಲದಾದಾಗ ಮುದುಡಿ ಒಣಗಿ ಸತ್ತಂತೆ ಬಿದ್ದಿದ್ದು, ನೀರು ಸೋಕಿದೊಡನೆ ಪುನಃ ಎದ್ದು ನಡೆಯುವುದು ಇದರ ಸ್ವಭಾವ. ಆ ಸಂಸ್ಥೆಯ ಆವರಣದ ಪಾಚಿಯಲ್ಲಿ ಸಿಕ್ಕಿದ ಒಂದು ಜಾತಿಯು ಮಾರಕವಾದ ಅತಿನೇರಳೆ ಕಿರಣಗಳನ್ನು ತಡೆದುಕೊಳ್ಳುವುದೆಂದು ಅಲ್ಲಿಯವರೇ 2020ರಲ್ಲಿ ಪ್ರಕಟಿಸಿದ್ದರು. ಅಂತರಿಕ್ಷದಲ್ಲಿ ಈ ಪ್ರಾಣಿಯು ಹೇಗೆ ಎಚ್ಚತ್ತು ಬದುಕಿ ಸಂತಾನವನ್ನು ಪಡೆಯುವುದೆಂದು ಪರೀಕ್ಷಿಸಿದರು. ಅದೇ ಸಂಸ್ಥೆಯ ಇನ್ನೊಂದು ಪ್ರಯೋಗವು ವಿದ್ಯುತ್‌ಪರದೆಗಳನ್ನು ನೋಡಿ ಬೆರಳಿನಿಂದ ನಡೆಸುವಾಗ ಕಣ್ಣಿಗೂ ಬುದ್ಧಿಗೂ ಆಗುವ ಶ್ರಮವನ್ನು ಕುರಿತುದು. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯು ಮಾಂಸಖಂಡದ ಜೀವಕೋಶಗಳನ್ನು ಕಳುಹಿಸಿದ್ದಿತು. ಇದಕ್ಕಾಗಿ ಶುಕ್ಲರು, ಎಲ್ಲ ಕಡೆಯೂ ಮುಚ್ಚಿದ್ದು ಕೈಚೀಲಗಳ ಮೂಲಕವೇ ಕೈಯಿಡಬೇಕಾದ ಗಾಜಿನ ಪೆಟ್ಟಿಗೆಯ ಮುಂದೆ, ಕಾಲನ್ನು ಪಟ್ಟಿಗೆ ಸಿಕ್ಕಿಸಿಕೊಂಡು ದುಡಿದರು. ಕಾಲಿಗೆ ಆಧಾರವಿಲ್ಲದಿದ್ದರೆ, ಪೆಟ್ಟಿಗೆಯನ್ನು ತಳ್ಳಿದವನು ತಾನೇ ಹಿಂದಕ್ಕೆ ತಳ್ಳಲ್ಪಡುವನು.

ಮಾಂಸಖಂಡದ ಈ ಪ್ರಯೋಗವು ಏಕೆ ಬೇಕಾಯಿತೆಂಬುದನ್ನು ತಿಳಿಯಲು ಯಾತ್ರಿಗಳ ದೇಹಸ್ಥಿತಿಯನ್ನು ನೋಡಬೇಕು. ಭಾರ ಹೊರದ ಮೂಳೆಯು ತನ್ನ ಸಾರವನ್ನು ಕಳೆದುಕೊಳ್ಳುವುದು. ತಡೆಯದಿದ್ದರೆ ತಿಂಗಳಿಗೆ ನೂರಕ್ಕೆ ಒಂದರಷ್ಟು, ಕೆಲವು ಮೂಳೆಗಳಲ್ಲಿ ಅದಕ್ಕೂ ಮಿಗಿಲಾಗಿ. ಮುದುಕರಲ್ಲಿ ಒಂದು ವರ್ಷದಲ್ಲಿ ಆಗುವ ಕ್ಷಯವು ಇಲ್ಲಿ ಒಂದು ತಿಂಗಳಲ್ಲಿ ಆಗುವುದು. ಆದುದರಿಂದ ಪ್ರತಿಯೊಬ್ಬರೂ ದಿನಕ್ಕೆ ಎರಡು ಗಂಟೆಗಳ ಕಾಲ ವ್ಯಾಯಾಮ ಮಾಡಲೇಬೇಕು. ಅಲ್ಲಿ ಭಾರದ ಗುಂಡನ್ನು ಎತ್ತುವುದೆಂಬುದಕ್ಕೆ ಅರ್ಥವಿಲ್ಲವಾದುದರಿಂದ ನಿರ್ವಾತ ಕೊಳವೆಗಳ ಎಳೆತಕ್ಕೆ ಎದುರಾಗಿ ತೊಡೆ ತೋಳುಗಳನ್ನು ಚಾಚುವರು. 1984ರ ಏಪ್ರಿಲಿನಲ್ಲಿ ರಷ್ಯದವರ ಸಲ್ಯೂತ್ ನಿಲ್ದಾಣಕ್ಕೆ ಹೋದ ರಾಕೇಶ ಶರ್ಮರು ಅಲ್ಲಿ ಯೋಗಾಸನಗಳನ್ನು ಮಾಡಿ ಅವುಗಳ ಪ್ರಭಾವವನ್ನು ಪರೀಕ್ಷಿಸಿದುದು ಪ್ರಸಿದ್ಧವಾಗಿದೆ. ಅವರ ಊಟವು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದಲ್ಲಿ ತಯಾರಾಗಿದ್ದಿತೆಂಬುದನ್ನು ಇಲ್ಲಿಯವರು ಮರೆತಿರಬಹುದು. ಚಾಮರಾಜನಗರವೂ ಗುಂಡ್ಲುಪೇಟೆಯೂ ಆಗ ಮೈಸೂರು ಜಿಲ್ಲೆಗೇ ಸೇರಿದ್ದುವು. ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. ಶುಕ್ಲರು ಒಯ್ದ ಗಜ್ಜರಿಯ ಹಲ್ವ, ಹೆಸರುಬೇಳೆಯ ಹಲ್ವ, ಮಾವಿನ ರಸಗಳಿಗೂ ಆ ಸಂಶೋಧನಾಲಯದ ಕೈ ಸೇರಿರುವುದು.

ಈ ಸೀಮೆಯವರು ವಿಶೇಷವಾಗಿ ಗಮನಿಸತಕ್ಕದ್ದು ನೀರಿನ ವಿಷಯವನ್ನು. ನಿಲ್ದಾಣಕ್ಕೆ ಒಂದು ಕೊಡ ನೀರನ್ನು ಭೂಮಿಯಿಂದ ಒಯ್ಯುವುದು ಅತಿ ವೆಚ್ಚದ ಕೆಲಸ. ಆದಕಾರಣ ಅಲ್ಲಿಯವರ ಬೆವರು, ಉಸಿರಿನ ತೇವ, ಮೂತ್ರ ಇವೆಲ್ಲವನ್ನೂ ಹಿಡಿದು ಶುದ್ಧಿಮಾಡಿ ಮತ್ತೆ ಕುಡಿಯುವರು. 2023ರಲ್ಲಿ ಈ ಉಪಾಯವು ನೂರಕ್ಕೆ 98 ಪಾಲು ನೀರನ್ನು ಹಿಂದಕ್ಕೆ ಪಡೆಯುವ ಮಟ್ಟವನ್ನು ಮುಟ್ಟಿತು. ಕೇಳಿ ಮೂಗು ಮುರಿಯುವವರುಂಟು. ಮೋಡವಾಗಿ ಸುರಿಯುವ ನೀರೂ ಯಾರು ಯಾರ ಮೈಯಿಂದಲೋ ಮೇಲೇರಿ ಶುದ್ಧವಾಗಿ ಬಂದುದೇ ಎಂಬುದನ್ನು ಅವರು ಯೋಚಿಸಲಿ. ಈ ಯಂತ್ರವನ್ನು ದುರಸ್ತಿಮಾಡುವುದೂ, ಶೌಚಗೃಹದ ಕೊಳವೆಯನ್ನು ಬಿಚ್ಚಿ ಕಟ್ಟುವುದೂ ಗಗನಯಾತ್ರಿಯ ಕಾಯಕವೇ. ಪಂಡಿತನೆಂದು ಯಾರೂ ಇದರಿಂದ ತಪ್ಪಿಸಿಕೊಳ್ಳುವಂತಿಲ್ಲ.

ಹೊರಗಿನ ದುಡಿಮೆಯ ಕಥೆಯು ಇದಕ್ಕಿಂತ ಭಯಂಕರವಾದುದು. 1965ರ ಮಾರ್ಚ್ 18ರಂದು ರಷ್ಯದ ಅಲೆಕ್ಸೀ ಲಿಯೊನೊವ್ ಎಂಬಾತನು ಮೊಟ್ಟಮೊದಲು ನೌಕೆಯಿಂದ ಹೊರಬಂದು ಸುಮಾರು ಹನ್ನೆರಡು ನಿಮಿಷಗಳ ಕಾಲ ಬರಿಯ ಆಕಾಶದಲ್ಲಿದ್ದನು. ಹಿಂದಿರುಗುವಾಗ ಆತನ ಉಡುಪು ಒಳಗಿನ ಗಾಳಿಯಿಂದ ಉಬ್ಬಿ ಬಿಗಿದು, ಬಾಗಿಲಿನೊಳಗೆ ನುಸುಳಲಾಗಲಿಲ್ಲ. ಉಡುಪಿನ ಗಾಳಿಯನ್ನು ಸ್ವಲ್ಪಸ್ವಲ್ಪವಾಗಿ ಹೊರಬಿಟ್ಟು, ಉಸಿರನ್ನೇ ಪಣವಾಗಿಟ್ಟು ಆತನು ಒಳಸೇರಿದನು. ಮರುವರ್ಷದ ಜೂನಿನಲ್ಲಿ ಅಮೆರಿಕಾದ ಯೂಜೀನ್ ಸರ್ನನ್ ಎಂಬವನು ಹೊರಬಂದಾಗ ಹಿಡಿಯಲು ಆಧಾರವಿಲ್ಲದೆ ಹೆಣಗಿ, ಬೆವರಿ, ಶಿರಸ್ತ್ರಾಣದ ಗಾಜು ಮಂಜು ಮುಸುಕಿ ಕಣ್ಣು ಕಾಣದಾಯಿತು. ಆಗ ಅವರಿಗೆ ಬುದ್ಧಿ ಬಂದಿತು. ಹಿಡಿಗಳನ್ನೂ ಕಾಲುಪಟ್ಟಿಗಳನ್ನೂ ಜೋಡಿಸಿ, ನೀರಿನ ಕೊಳದಲ್ಲಿ ಮುಳುಗಿ ಅಭ್ಯಾಸಮಾಡಿದ ಬಝ್ ಆಲ್ಡ್ರಿನ್ ಅದೇ ವರ್ಷದ ನವೆಂಬರಿನಲ್ಲಿ ಹೆಚ್ಚು ದಣಿವಿಲ್ಲದೆ ಕೆಲಸವನ್ನು ಮುಗಿಸಿದನು. ಹೂಸ್ಟನ್ ನಗರದ ಮಹಾಕೊಳದಲ್ಲಿ ಮುಳುಗಿಯೇ ಅಲ್ಲಿಯವರು ಇಂದಿಗೂ ಇದನ್ನು ಕಲಿಯುವುದು.

ಹೊರಡುವುದಕ್ಕೆ ಮುಂಚೆ ಅವರು ಬಹಳ ಹೊತ್ತು ಶುದ್ಧ ಆಮ್ಲಜನಕವನ್ನೇ ಉಸಿರಾಡಬೇಕು. ಉಡುಪಿನೊಳಗಿನ ಒತ್ತಡವು ನೆಲದ ಮೇಲಿನ ಗಾಳಿಯ ಒತ್ತಡದ ಮೂರನೆಯ ಒಂದು ಪಾಲಿಗೂ ಕಡಮೆ. ರಕ್ತದಲ್ಲಿ ಸಾರಜನಕವು ಉಳಿದಿದ್ದರೆ, ಸೋಡಾ ಬುಡ್ಡಿಯ ಮುಚ್ಚಳವನ್ನು ತೆಗೆದಾಗ ಏಳುವಂತೆ ಗುಳ್ಳೆಗಳೆದ್ದು ಪ್ರಾಣಾಪಾಯವಾಗುವುದು. ಆರು ಆರೂವರೆ ಗಂಟೆ ಹೊರಗಿರುವಷ್ಟು ಹೊತ್ತೂ ಅನ್ನವಿಲ್ಲ. ಉಡುಪಿನಲ್ಲಿಟ್ಟ ಚೀಲದ ನೀರೊಂದೇ. ಮುಕ್ಕಾಲು ಗಂಟೆ ಬಿಸಿಲು, ಮುಕ್ಕಾಲು ಗಂಟೆ ಕತ್ತಲು. ಬಿಸಿಲಿಗೆ ಬಿದ್ದ ಲೋಹವು ನೀರು ಕುದಿಯುವುದಕ್ಕಿಂತ ಹೆಚ್ಚು ಕಾಯುವುದು, ನೆರಳಿನದು ಮಂಜುಗಡ್ಡೆಗಿಂತ ಎಷ್ಟೋ ಪಾಲು ತಣ್ಣಗಾಗುವುದು. ಗಾಳಿ ತುಂಬಿದ ಕೈಚೀಲದ ಬೆರಳುಗಳನ್ನು ಪ್ರತಿಸಲ ಮಡಿಸುವುದೂ ರಬ್ಬರಿನ ಚೆಂಡನ್ನು ಹಿಸುಕಿದಂತೆ. ದಿನವೆಲ್ಲ ಹೀಗೆ ಹಿಸುಕಿ ಉಗುರು ಕಿತ್ತುಬಂದವರೂ ಉಂಟು. ಮೈಗೆ ಹಗ್ಗ, ಪ್ರತಿಯೊಂದು ಉಪಕರಣಕ್ಕೂ ಹಗ್ಗ. ಕಟ್ಟು ತಪ್ಪಿದರೆ ಹೋದ ವಸ್ತುವು ಹೋದಂತೆಯೇ. 2008ರಲ್ಲಿ ಒಬ್ಬ ಮಹಿಳೆಯ ಕೈತಪ್ಪಿ ಉಪಕರಣಗಳ ಚೀಲವೊಂದು ಹಾಗೆಯೇ ತೇಲಿಹೋಯಿತು.

ಇಂತಹ ಕೆಲಸದಲ್ಲಿ ಯುಕ್ತಿಯು ಎಷ್ಟು ಮುಖ್ಯವೆಂಬುದಕ್ಕೆ 2012ರ ಒಂದು ಸಂಗತಿಯು ಸಾಕು. ಸೂರ್ಯಫಲಕಗಳ ವಿದ್ಯುತ್ತನ್ನು ನಿಲ್ದಾಣಕ್ಕೆ ಹಂಚುವ ಒಂದು ಪೆಟ್ಟಿಗೆಯನ್ನು ಬದಲಾಯಿಸಲು, ಗುಜರಾತಿ ತಂದೆಯ ಮಗಳಾದ ಸುನೀತಾ ವಿಲಿಯಮ್ಸ್ ಅವರೂ ಜಪಾನಿನ ಅಕಿಹಿಕೊ ಹೊಶಿದೆ ಎಂಬವರೂ ಆಗಸ್ಟ್ 30ರಂದು ಹೊರಹೋದರು. ಎಂಟು ಗಂಟೆಗೂ ಮಿಕ್ಕಿ ಹೆಣಗಿದರೂ ಬೋಲ್ಟು ಕೂರಲಿಲ್ಲ. ಅದರ ಕುಳಿಯಲ್ಲಿ ಲೋಹದ ಹೊಟ್ಟು ಸಿಕ್ಕಿಕೊಂಡಿದ್ದಿತು. ಪೆಟ್ಟಿಗೆಯನ್ನು ಹಗ್ಗದಿಂದ ಕಟ್ಟಿ ಒಳಗೆ ಬಂದರು. ನಿಲ್ದಾಣಕ್ಕೆ ವಿದ್ಯುತ್ತು ಕಡಮೆಯಾಗಿ ಹಲವು ಯಂತ್ರಗಳನ್ನು ನಿಲ್ಲಿಸಬೇಕಾಯಿತು. ಕೆಳಗಿನ ಯಂತ್ರಜ್ಞರೂ ಮೇಲಿನವರೂ ಕೂಡಿ ಯೋಚಿಸಿ, ಒಳಗೆ ಸಿಕ್ಕಿದ ಸಾಮಗ್ರಿಯಿಂದಲೇ ಉಪಕರಣಗಳನ್ನು ಮಾಡಿದರು. ಅವುಗಳಲ್ಲಿ ಒಂದು, ಹಲ್ಲುಜ್ಜುವ ಟೂತ್‌ಬ್ರಷ್ಷನ್ನು ಕೋಲಿಗೆ ಕಟ್ಟಿದುದು! ಸೆಪ್ಟೆಂಬರ್ 5ರಂದು ಮತ್ತೆ ಹೋಗಿ, ಅನಿಲವನ್ನು ಊದಿ, ಬ್ರಷ್ಷಿನಿಂದ ಉಜ್ಜಿ ಕುಳಿಯನ್ನು ಶುದ್ಧಿಮಾಡಿ ಬೋಲ್ಟನ್ನು ಬಿಗಿದರು. ಕೋಟ್ಯಂತರ ರೂಪಾಯಿಗಳ ಯಂತ್ರವು ಒಂದು ಹಲ್ಲುಜ್ಜುವ ಕಡ್ಡಿಯಿಂದ ಉಳಿಯಿತು. ಅದೇ ಸುನೀತಾ ಅವರು ಎಂಟು ದಿನಗಳ ಪ್ರಯಾಣಕ್ಕೆಂದು 2024ರ ಜೂನಿನಲ್ಲಿ ಹೋಗಿ, ನೌಕೆಯ ದೋಷದಿಂದ 286 ದಿನ ಅಲ್ಲಿಯೇ ಇರಬೇಕಾಗಿ ಬಂದಾಗ, 2025ರ ಜನವರಿ 30ರಂದು ಕೆಟ್ಟ ರೇಡಿಯೋ ಸಾಧನವೊಂದನ್ನು ಹೊರಗಿನಿಂದ ಕಿತ್ತರು. ನಿಲ್ದಾಣದ ಹೊರಮೈಯಲ್ಲಿ ಸೂಕ್ಷ್ಮಜೀವಿಗಳಿರುವುವೋ ಎಂದು ಪರೀಕ್ಷಿಸಲು ಮಾದರಿಗಳನ್ನೂ ಒರೆಸಿ ತಂದರು. ಅಂದಿಗೆ ಅವರು ಒಂಬತ್ತು ಸಲ ಸೇರಿ 62 ಗಂಟೆ 6 ನಿಮಿಷ ಹೊರಗೆ ದುಡಿದಂತಾಯಿತು; ಸ್ತ್ರೀಯರಲ್ಲಿ ಅಲ್ಲಿಯ ವರೆಗೆ ಮೊದಲಿಗರಾಗಿದ್ದವರು ಮೇಲೆ ಹೇಳಿದ ಪೆಗ್ಗಿ ವಿಟ್ಸನ್ನರೇ. ಶುಕ್ಲರು ಹೊರಗೆ ಹೋಗಲಿಲ್ಲ. ಅವರ ಯಾತ್ರೆಯಲ್ಲಿ ಅದಕ್ಕೆ ಅವಕಾಶವಿರಲಿಲ್ಲ.

ಅಪಾಯವು ಯಾವ ಕಡೆಯಿಂದ ಬರುವುದೆಂದು ಹೇಳಲಾಗದು. 2013ರ ಜುಲೈ 16ರಂದು ಇಟಲಿಯ ಲೂಕಾ ಪರ್ಮಿತಾನೊ ಎಂಬವರು ಹೊರಗಿದ್ದಾಗ ಉಡುಪಿನ ಯಂತ್ರವು ಕೆಟ್ಟು, ತಂಪಿಗಾಗಿ ಹರಿಯುವ ನೀರು ಶಿರಸ್ತ್ರಾಣದೊಳಗೆ ತುಂಬಲಾರಂಭಿಸಿತು. ಭೂಮಿಯಲ್ಲಾದರೆ ಅದು ಕೊರಳಿಗೆ ಇಳಿದೀತು. ಅಲ್ಲಿ ಮುಖಕ್ಕೆ ಅಂಟಿಕೊಂಡು ಕಣ್ಣು, ಮೂಗು, ಕಿವಿಗಳನ್ನು ಮುಚ್ಚಿತು. ಕತ್ತಲಲ್ಲಿ, ಮಾತು ಕೇಳದೆ, ತನ್ನ ಹಗ್ಗವನ್ನೇ ಹಿಡಿದು ಬಾಗಿಲನ್ನು ಹುಡುಕಿಕೊಂಡು ಅವರು ಬದುಕಿ ಬಂದರು. ಕಲ್ಪನಾ ಚಾವ್ಲಾ ಅವರಿಗೆ ಆ ಭಾಗ್ಯವಿರಲಿಲ್ಲ. 2003ರಲ್ಲಿ ಹದಿನಾರು ದಿನಗಳ ಕಾಲ ಎರಡು ಪಾಳಿಗಳಲ್ಲಿ, ಹಗಲಿರುಳೆನ್ನದೆ, ಸುಮಾರು ಎಂಬತ್ತು ಪ್ರಯೋಗಗಳನ್ನು ನಡೆಸಿ ಹಿಂದಿರುಗುತ್ತಿದ್ದ ಅವರೂ ಸಂಗಡಿಗರಾದ ಆರು ಮಂದಿಯೂ ಫೆಬ್ರವರಿ 1ರಂದು ಕೊಲಂಬಿಯಾ ನೌಕೆಯೊಡನೆ ಆಕಾಶದಲ್ಲಿಯೇ ಮಡಿದರು. ಅವಶೇಷಗಳ ನಡುವೆ ಸಿಕ್ಕಿದ ಒಂದು ಡಬ್ಬಿಯಲ್ಲಿ ಪ್ರಯೋಗದ ಸಣ್ಣ ಹುಳುಗಳು ಜೀವಂತವಾಗಿದ್ದುವು. ಪಾಲಿಸಿದವರು ಹೋಗಿ ಹುಳುಗಳು ಉಳಿದುವು. ಇದಕ್ಕೆ ಏನು ಹೇಳೋಣ?

ಇಲ್ಲಿ ಒಂದು ಪೂರ್ವಪಕ್ಷವುಂಟು. ಶುಕ್ಲರ ಯಾತ್ರೆಗೆ ಭಾರತವು ಸುಮಾರು 550 ಕೋಟಿ ರೂಪಾಯಿಗಳನ್ನು ವೆಚ್ಚಮಾಡಿತು. ಅಷ್ಟರಲ್ಲಿ ಗುಂಡ್ಲುಪೇಟೆ ಸೀಮೆಯ ಎಷ್ಟು ಕೆರೆಗಳ ಹೂಳನ್ನು ತೆಗೆಸಬಹುದಾಗಿತ್ತು ಎಂದು ರೈತನು ಕೇಳಿದರೆ, ಅವನನ್ನು ಅಜ್ಞನೆಂದು ತಳ್ಳಿಹಾಕುವುದು ಸಲ್ಲದು. ಕೆಲವರು ಇದಕ್ಕೆ, ಮಳೆಯ ಮುನ್ಸೂಚನೆಯೂ ದೂರವಾಣಿಯೂ ಅಂತರಿಕ್ಷದಿಂದಲೇ ಬರುತ್ತಿಲ್ಲವೇ ಎಂದು ಉತ್ತರ ಹೇಳುವರು. ಈ ಉತ್ತರವು ನೇರವಾದುದಲ್ಲ. ಆ ಉಪಕಾರವು ಯಂತ್ರೋಪಗ್ರಹಗಳದು. ಅವುಗಳಿಗೆ ಅನ್ನವೂ ಬೇಡ, ಉಸಿರೂ ಬೇಡ, ಅವುಗಳಲ್ಲಿ ಮನುಷ್ಯನಿಲ್ಲ. ಮನುಷ್ಯನನ್ನೇ ಏಕೆ ಕಳುಹಿಸಬೇಕೆಂಬುದು ಪ್ರಶ್ನೆ. ಅದಕ್ಕೆ ಸಮಾಧಾನವು ಇಷ್ಟು ಮಾತ್ರ: ಮೂಳೆಯ ಕ್ಷಯವನ್ನೂ ಮಾಂಸದ ಕ್ಷಯವನ್ನೂ ಆರೋಗ್ಯವಂತನ ದೇಹದಲ್ಲಿ ಇಷ್ಟು ಶೀಘ್ರವಾಗಿ ಕಾಣಲು ಬೇರೆ ಸ್ಥಳವಿಲ್ಲ, ನೀರನ್ನು ಹನಿಹನಿಯಾಗಿ ಲೆಕ್ಕವಿಡುವ ವಿದ್ಯೆಯನ್ನು ಆ ಮುಚ್ಚಿದ ಮನೆಯಷ್ಟು ಕಟ್ಟುನಿಟ್ಟಾಗಿ ಕಲಿಸುವ ಗುರುವಿಲ್ಲ, ಕೆಟ್ಟ ಯಂತ್ರಕ್ಕೆ ಟೂತ್‌ಬ್ರಷ್ಷನ್ನು ಹುಡುಕುವ ಬುದ್ಧಿಯು ಯಂತ್ರಕ್ಕಿಲ್ಲ. ಈ ಲಾಭವು ಗುಂಡ್ಲುಪೇಟೆಯ ಹೊಲವನ್ನು ಮುಟ್ಟಲು ಎಷ್ಟು ಕಾಲ ಬೇಕೆಂಬುದನ್ನು ಯಾರೂ ಆಣೆಯಿಟ್ಟು ಹೇಳಲಾರರು. ಕೆರೆಯ ಹೂಳನ್ನೂ ತೆಗೆಸಬೇಕು. ಒಂದನ್ನು ಮಾಡಿದುದಕ್ಕಾಗಿ ಇನ್ನೊಂದನ್ನು ಬಿಡಬೇಕೆಂದು ಯಾವ ಲೆಕ್ಕದ ಪುಸ್ತಕವೂ ಹೇಳುವುದಿಲ್ಲ. ಬಿಟ್ಟರೆ ಆ ತಪ್ಪು ಬಿಟ್ಟವರದು.

ಕಡೆಯದಾಗಿ, ಇವರ ಮನೆಯನ್ನು ಕಣ್ಣಾರೆ ಕಾಣಬೇಕೆಂದಿರುವವರಿಗೆ ಯಂತ್ರವೇನೂ ಬೇಕಾಗಿಲ್ಲ. ಸೂರ್ಯನು ಮುಳುಗಿದ ಒಂದೆರಡು ಗಂಟೆಯೊಳಗೆ ಅಥವಾ ಮೂಡುವುದಕ್ಕೆ ಒಂದೆರಡು ಗಂಟೆ ಮುಂಚೆ, ಅದು ಈ ಕಡೆ ಹಾದುಹೋಗುವ ದಿನಗಳಲ್ಲಿ, ಚಾಮರಾಜನಗರದ ಬಯಲಿನಿಂದಲೋ ಗುಂಡ್ಲುಪೇಟೆಯ ಹೊಲದ ಬದುವಿನಿಂದಲೋ ನೋಡಬಹುದು. ಹಾದುಹೋಗುವ ಹೊತ್ತನ್ನು ಮುಂಚಿತವಾಗಿ ಪ್ರಕಟಿಸುವರು. ಪಡುವಣದ ಕಡೆಯಿಂದ ಒಂದು ದೊಡ್ಡ ನಕ್ಷತ್ರವು ಏರಿ ಬರುವುದು. ಮಿನುಗುವುದಿಲ್ಲ, ವಿಮಾನದಂತೆ ಕೆಂಪು ಹಸುರು ದೀಪಗಳಿಲ್ಲ, ಸದ್ದಿಲ್ಲ. ನಾಲ್ಕೈದು ನಿಮಿಷಗಳಲ್ಲಿ ಮೂಡಣದತ್ತ ಸಾಗಿ, ಸಂಜೆಯ ವೇಳೆಯಾದರೆ ಎಷ್ಟೋ ಸಲ ನಡುದಾರಿಯಲ್ಲಿಯೇ ಆರಿಹೋದಂತೆ ಮಾಯವಾಗುವುದು. ಅದು ಭೂಮಿಯ ನೆರಳನ್ನು ಹೊಕ್ಕಿತೆಂದು ತಿಳಿಯಬೇಕು. ಒಳಗಿದ್ದವರಿಗೆ ಅದು ಆ ದಿನದ ಹದಿನಾರು ಅಸ್ತಮಯಗಳಲ್ಲಿ ಒಂದು.